ತಾರೀಖು ಕೇಳುವ ಯಂತ್ರ

೨೦೧೪ನೆಯ ಇಸವಿ ಮಾರ್ಚ್ ೧೧, ಮಂಗಳವಾರ. ಆ ಕಂಪ್ಯೂಟರನ್ನು ಉಗ್ರಾಣಕ್ಕೆ ಹಾಕಿ ಅಂದಿಗೆ ಸರಿಯಾಗಿ ಏಳು ಸಾವಿರದ ಐನೂರ ಐವತ್ತನಾಲ್ಕು ದಿನಗಳಾಗಿದ್ದವು.

"ಹಾಕಲಾ?" ಎಂದು ಕೇಳಿದಳು ಇಕ್ಕಳ. ಅವಳ ಬೆರಳು ಸ್ವಿಚ್ಚಿನ ಮೇಲಿತ್ತು.

"ಇಷ್ಟು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ಭಾರವೇನೂ ಅಲ್ಲ. ನಿಧಾನಕ್ಕೆ ಹಾಕು," ಎಂದರು ಮಳೆಯಕ್ಕ.

ಇಕ್ಕಳ ಎಂಬುದು ಅವಳ ಹೆಸರಲ್ಲ. ಚಪ್ಪಲಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ ಐವತ್ತು ವರ್ಷದ ಆ ಹೆಂಗಸು, ತುಕ್ಕು ಹಿಡಿದ ಸ್ಕ್ರೂ ಆಗಲಿ, ಯಾರಾದರೂ ಹೇಳಿದ ಸುಳ್ಳಾಗಲಿ, ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ಮಳೆಯಕ್ಕನ ಹೆಸರು ಬಂದದ್ದು ಅವರ ಕೆಲಸದಿಂದ. ಹವಾಮಾನ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ, ಪ್ರತಿದಿನ ಬೆಳಗ್ಗೆ ಎಂಟೂವರೆಗೆ, ಬಿದ್ದ ಮಳೆಯನ್ನು ಅಳೆದವರು ಅವರು.

ಕೇಂದ್ರದ ನೂರು ವರ್ಷಗಳ ದಾಖಲೆ ಗ್ರಂಥ ಶುಕ್ರವಾರ ಅಚ್ಚಿಗೆ ಹೋಗಲಿತ್ತು. ಅದರಲ್ಲಿ ಒಂದೇ ಒಂದು ದಿನದ ಮನೆ ಖಾಲಿ: ೧೯೯೩ರ ಜೂನ್ ೧೭. ಅಲ್ಲಿ ತಾವು ಅಳೆದ ೨೧೨.೪ ಮಿಲಿಮೀಟರ್ ಕೂರಬೇಕು ಎಂಬುದು ಮಳೆಯಕ್ಕನ ಹಟ. ಕೂರದಿದ್ದರೆ, ಅವರು ಸುಳ್ಳು ಅಂಕಿ ಹೇಳಿದವರೆಂಬ ಮಾತು ಮುಂದಿನ ನೂರು ವರ್ಷಕ್ಕೂ ಅಚ್ಚಾಗಿ ಉಳಿಯುತ್ತಿತ್ತು.

ಇಕ್ಕಳ ಸ್ವಿಚ್ ಹಾಕಿದಳು.

ವಿದ್ಯುತ್ತಿನ ದಾರಿಯಲ್ಲಿ ಅವಳು ಸಾದಾ ಬಲ್ಬೊಂದನ್ನು ಕಟ್ಟಿದ್ದಳು. ಒಳಗೆ ಏನಾದರೂ ಸುಟ್ಟಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತಲೇ ಇರುತ್ತದೆ. ಎಲ್ಲವೂ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಬಲ್ಬು ಮಿಂಚಿತು. ಕೋಣೆಯಲ್ಲಿದ್ದ ಮೂವರೂ ಅದನ್ನೇ ನೋಡುತ್ತಿದ್ದರು. ಬಲ್ಬು ಮಂಕಾಯಿತು.

"ಜೀವ ಇದೆ," ಎಂದಳು ಇಕ್ಕಳ.

"ಯಾರಿಗೆ, ಅದಕ್ಕಾ ನನಗಾ?" ಎಂದವನು ಮೂರನೆಯವನು, ಮಳೆಯಕ್ಕನ ತಮ್ಮ. ವಯಸ್ಸು ಅರವತ್ತೊಂದು. ಅದೇ ಕೇಂದ್ರದಲ್ಲಿ ಗುಮಾಸ್ತನಾಗಿದ್ದವನು. ಅಕ್ಕ ಅಳೆದದ್ದನ್ನು ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸವಾಗಿತ್ತು. ಅಕ್ಕನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ ದಿನದಿಂದ ಇಂದಿನವರೆಗೆ ಮಧ್ಯಾಹ್ನದ ಊಟದ ಡಬ್ಬಿಯನ್ನು ಒಂದು ದಿನವೂ ತಪ್ಪಿಸದೆ ಅವರಿಗೆ ತಲುಪಿಸುತ್ತಿದ್ದವನು. ಅಂದೂ ಡಬ್ಬಿ ಅವನ ತೊಡೆಯ ಮೇಲಿತ್ತು.

ಇಕ್ಕಳಳಿಗೆ ಒಂಬತ್ತು ದಿನಗಳ ಕೆಲಸ ಅದು. ಉಬ್ಬಿಕೊಂಡಿದ್ದ ಎರಡು ಕೆಪಾಸಿಟರುಗಳನ್ನು ತೆಗೆದು ಹೊಸವನ್ನು ಬೆಸೆದಿದ್ದಳು. ಕೀಲಿಮಣೆಯ ಎಂಬತ್ತಮೂರು ಗುಂಡಿಗಳನ್ನು ಒಂದೊಂದಾಗಿ ಕಳಚಿ ಸ್ಪಿರಿಟಿನಲ್ಲಿ ಒರೆಸಿದ್ದಳು. ಹಾರ್ಡ್ ಡಿಸ್ಕಿನ ತಟ್ಟೆ ಅಂಟಿಕೊಂಡು ತಿರುಗದೆ ಕೂತಿತ್ತು. ಅದನ್ನು ಅಂಗೈಯಲ್ಲಿ ಮಟ್ಟಸವಾಗಿ ಹಿಡಿದು, ಜಾಡಿಯ ಮುಚ್ಚಳ ತೆಗೆಯುವಷ್ಟೇ ಜೋರಿನಲ್ಲಿ, ಒಮ್ಮೆ ಮಾತ್ರ ತಿರುವಿದ್ದಳು. ಎರಡನೆಯ ಸಲ ತಿರುವುವ ಧೈರ್ಯ ಅವಳಿಗೂ ಇರಲಿಲ್ಲ.

ಈಗ ಆ ತಟ್ಟೆ ಕೀರಲು ದನಿಯಲ್ಲಿ ಏರುತ್ತ ಏರುತ್ತ ಹೋಗಿ ಸಮವಾದ ಗುಂಯ್‌ಗುಡುವಿಕೆಗೆ ನಿಂತಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಯಂತ್ರ ಮೊದಲ ಪ್ರಶ್ನೆ ಕೇಳಿತು: ಇಂದಿನ ತಾರೀಖೇನು?

ಇಕ್ಕಳ ಕೈ ಚಾಚುವ ಮೊದಲೇ ಮಳೆಯಕ್ಕನ ಬೆರಳು ಕೀಲಿಗಳ ಮೇಲಿತ್ತು. ತಾರೀಖು ಒತ್ತಿದರು. ಗೋಡೆಯ ಗಡಿಯಾರ ನೋಡಿ ಗಂಟೆ, ನಿಮಿಷ ಒತ್ತಿದರು. ಆಮೇಲೆ ತಾವೇ ಬೆಚ್ಚಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ನೋಡಿದ್ಯಾ, ಬೆರಳು ಮರೆತಿಲ್ಲ," ಎಂದರು. "ಇದರೊಳಗೆ ಗಡಿಯಾರ ಇಲ್ಲ ಕಣೇ. ಆರಿಸಿದ ಕೂಡಲೇ ಇವತ್ತು ಯಾವ ದಿನ ಅನ್ನೋದನ್ನ ಮರೆತುಬಿಡುತ್ತೆ. ದಿನಾ ಬೆಳಗ್ಗೆ ಹೇಳಿಕೊಡಬೇಕು."

"ಹೇಳಿಕೊಡದೆ ಇದ್ರೆ ಅಕ್ಕ ಬೆರಳು ಮುರೀತಿದ್ಲು," ಎಂದ ತಮ್ಮ.

"ಮುರಿಯೋಕೆ ನೀನು ಅವಕಾಶ ಎಲ್ಲಿ ಕೊಟ್ಟೆ?"

ದಿನಕ್ಕೊಂದು ಕಡತ. ಇಕ್ಕಳ ಜೂನ್ ಹದಿನೇಳರ ಕಡತವನ್ನು ತೆರೆದಳು. ಪರದೆಯ ಮೇಲೆ ಒಂದೇ ಸಾಲು ಬಂದು ನಿಂತಿತು: ಮಳೆ, ೨೧೨.೪.

ಮಳೆಯಕ್ಕ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಅಂಕಿ ಅಲ್ಲೇ ಇತ್ತು. ಹೊಟ್ಟೆಯಲ್ಲಿ ಹಾಲು ಹೊಯ್ದಂತೆ ತಿಳಿಯಾದ ಆ ಮುಖವನ್ನು ನೋಡಿ ಇಕ್ಕಳ ಒಂಬತ್ತು ದಿನಗಳ ಸೊಂಟನೋವನ್ನು ಮರೆತಳು.

"ಇದನ್ನ ಕಾಗದದ ಮೇಲೆ ಇಳಿಸಿಬಿಡೋಣ," ಎಂದು ಮಳೆಯಕ್ಕ ಎದ್ದರು. "ಕಾಗದ ನಾನೇ ತರ್ತೀನಿ. ಬೇಡ, ನೀನು ಕೂತ್ಕೊಳೋ, ಇವತ್ತು ಮೆಟ್ಟಿಲು ನನಗೆ ಲೆಕ್ಕಕ್ಕಿಲ್ಲ."

ಅರವತ್ತೊಂಬತ್ತು ವರ್ಷದ ಆ ಹೆಜ್ಜೆಗಳು ಇಳಿದು ಹೋಗುವವರೆಗೂ ಇಕ್ಕಳ ಕಾದಳು. ಆಮೇಲೆ ಕುರ್ಚಿಯನ್ನು ತಮ್ಮನ ಕಡೆಗೆ ತಿರುಗಿಸಿದಳು.

"ನಿಮ್ಮ ಮುಖದಲ್ಲಿ ಸಂತೋಷ ಕಾಣ್ತಿಲ್ಲ."

"ಹಸಿವು," ಎಂದ ಅವನು.

"ಇರಬಹುದು. ನನಗೊಂದು ಲೆಕ್ಕ ಬಿಡಿಸಿಕೊಡಿ. ಆ ರಾತ್ರಿ ಎರಡು ಬೀದಿ ಮುಳುಗ್ತು. ಚರಂಡಿ ಕಟ್ಟಿಸಿದ ಎಂಜಿನಿಯರ್ ಏನಂದ್ರು?"

"ನೂರೈವತ್ತು ಮಿಲಿಮೀಟರಿಗೆ ಕಟ್ಟಿದೀನಿ, ಅದಕ್ಕಿಂತ ಹೆಚ್ಚು ಬಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ ಅಂದ್ರು."

"ಅಂದ್ರೆ ಇನ್ನೂರ ಹನ್ನೆರಡು ಬಿದ್ದಿದ್ರೆ ಅವರದ್ದು ತಪ್ಪಿಲ್ಲ. ನೂರ ಹನ್ನೆರಡು ಬಿದ್ದಿದ್ರೆ ಪೂರ್ತಿ ಅವರದ್ದೇ ತಪ್ಪು. ವಿಚಾರಣೆಗೆ ಬಂದವರು ಜೂನ್ ಇಪ್ಪತ್ತೆಂಟಕ್ಕೆ ಇದೇ ಕಂಪ್ಯೂಟರನ್ನ ತೆಗೆದು ನೋಡಿದ್ರು. ಏನಿತ್ತು?"

ಡಬ್ಬಿಯ ಹಿಡಿಯನ್ನು ತಮ್ಮ ಸರಿಪಡಿಸಿದ. ಅದು ಸರಿಯಾಗಿಯೇ ಇತ್ತು.

"ನೂರ ಹನ್ನೆರಡು ಪಾಯಿಂಟ್ ನಾಲ್ಕು."

"ಎಂಜಿನಿಯರನ್ನ ಉಳಿಸೋಕೆ ಬಾಯಲ್ಲಿ ನೂರು ಸೇರಿಸಿ ಹೇಳಿದಾಳೆ ಅಂತ ನಿಮ್ಮಕ್ಕನ್ನ ನಿವೃತ್ತಿಗೆ ಹತ್ತು ವರ್ಷ ಮುಂಚೆ ಮನೆಗೆ ಕಳಿಸಿದ್ರು. ಎಂಜಿನಿಯರ್ ಕೆಲಸ ಕಳ್ಕೊಂಡು ಊರು ಬಿಟ್ರು. ಸರಿ. ಈಗ ಹೇಳಿ, ಉಗ್ರಾಣದಲ್ಲಿ ಇಟ್ಟ ಅಂಕಿ ತಾನಾಗೇ ನೂರು ಬೆಳೀತಾ? ಕುಂಬಳಕಾಯೇನೂ ಅಲ್ವಲ್ಲ."



ಇಕ್ಕಳ ಕಡತಗಳ ಪಟ್ಟಿಯನ್ನು ಪರದೆಗೆ ತಂದಳು. ಪ್ರತಿ ಕಡತದ ಪಕ್ಕದಲ್ಲೂ ಅದನ್ನು ಕೊನೆಯ ಸಲ ಉಳಿಸಿದ ತಾರೀಖು ಮತ್ತು ಸಮಯ. ಜೂನ್ ಹದಿನೈದರದ್ದು ಹದಿನೈದರ ಬೆಳಗ್ಗೆ ಒಂಬತ್ತು ಗಂಟೆ ಎರಡು ನಿಮಿಷಕ್ಕೆ. ಹದಿನಾರರದ್ದು ಹದಿನಾರರ ಒಂಬತ್ತು ಗಂಟೆ ನಾಲ್ಕಕ್ಕೆ. ಸಾಲಾಗಿ, ಶಿಸ್ತಾಗಿ, ಶಾಲೆಯ ಮಕ್ಕಳು ನಿಂತ ಹಾಗೆ. ಹದಿನೇಳರದ್ದು ಮಾತ್ರ ಜುಲೈ ಮೂರು, ಶನಿವಾರ, ಸಂಜೆ ನಾಲ್ಕು ನಲವತ್ತಕ್ಕೆ.

"ಹದಿನಾರು ದಿನ ತಡ," ಎಂದಳು ಇಕ್ಕಳ. "ಶನಿವಾರ ಅರ್ಧ ದಿನದ ಕಚೇರಿ. ನಾಲ್ಕು ನಲವತ್ತಕ್ಕೆ ಅಲ್ಲಿ ಯಾರೂ ಇರಬಾರದು. ಆದ್ರೂ ಯಾರೋ ಬಂದಿದಾರೆ. ಬಂದವರು ಮಷಿನ್ ಕೇಳಿದ ಕೂಡಲೇ ತಾರೀಖನ್ನೂ ಗಂಟೆಯನ್ನೂ ಒತ್ತಿದಾರೆ. ಕಳ್ಳತನಕ್ಕೆ ಬಂದಾಗಲೂ ಅಭ್ಯಾಸ ಬಿಡಲಿಲ್ಲ. ಆ ಅಭ್ಯಾಸ ಇದ್ದವರು ಇಬ್ಬರೇ. ಅದರಲ್ಲಿ ನಿಮ್ಮಕ್ಕನ್ನ ಇಪ್ಪತ್ತೆಂಟರಿಂದಲೇ ಒಳಗೆ ಬಿಡ್ತಿರಲಿಲ್ಲ. ಎರಡರಲ್ಲಿ ಒಂದು ಕಳೆದ್ರೆ ಎಷ್ಟು?"

ಕಿಟಕಿಯ ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಡಬ್ಬಿಯನ್ನು ತಮ್ಮ ನೆಲದ ಮೇಲಿಟ್ಟ.

"ಒಂದು," ಎಂದ.

"ಹೇಳಿ."

"ನಾನೇ ಕಣಮ್ಮ. ತಪ್ಪೂ ನಂದೇ, ತಿದ್ದಿದ್ದೂ ನಾನೇ." ಇಷ್ಟು ಹೊತ್ತು ತಮಾಷೆಯ ಹಿಂದೆ ಅಡಗಿದ್ದ ದನಿ ಈಗ ಬರಿದಾಗಿ ಹೊರಗೆ ಬಂತು. "ಮಳೆ ಅಳೆಯೋ ಗಾಜಿನ ಲೋಟ ಇಪ್ಪತ್ತು ಮಿಲಿಮೀಟರಿಂದು. ಜೋರು ಮಳೆ ಬಂದಾಗ ತುಂಬಿ ತುಂಬಿ ಚೆಲ್ಲಬೇಕು. ಒಂದು ಲೋಟಕ್ಕೆ ಸ್ಲೇಟಿನ ಮೇಲೆ ಒಂದು ಗೀಟು. ನಾಲ್ಕು ಗೀಟು ಆದ್ಮೇಲೆ ಐದನೇದನ್ನ ಅಡ್ಡ ಎಳೀತೀವಿ, ಅದೊಂದು ಕಟ್ಟು. ಒಂದು ಕಟ್ಟು ಅಂದ್ರೆ ನೂರು. ಅವತ್ತು ಅಕ್ಕ ಸ್ಲೇಟು ಕೊಟ್ಲು. ನಾನು ನೋಡಿ ಒತ್ತಿ, ಸ್ಲೇಟು ಒರೆಸಿದೆ. ಒತ್ತಿದ ಮೇಲೆ ಒರೆಸೋದೇ ಪದ್ಧತಿ."

"ಪುಸ್ತಕ?"

"ಕಾಗದದ ಪುಸ್ತಕ ಆ ರಾತ್ರಿ ಸೋರಿದ ನೀರಲ್ಲಿ ನೆನೆದು ಅಂಟಿಹೋಗಿತ್ತು. ವಿಚಾರಣೆ ದಿನ ಪರದೆ ಮೇಲೆ ನೂರ ಹನ್ನೆರಡು ಬಂತು. ಎರಡು ಕಟ್ಟಿನ ಬದಲು ಒಂದೇ ಕಟ್ಟು ಎಣಿಸಿದೀನಿ ಅಂತ ಗೊತ್ತಾಯ್ತು. ಸರಿಯಾಗಿ ನೂರೇ ಕಮ್ಮಿ, ಬೇರೆ ಹೇಗಾಗುತ್ತೆ? ಹೇಳಬೇಕು ಅಂತ ಬಾಯಿ ತೆಗೆದೆ. ಆಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ. ಮನೇಲಿ ಸಂಪಾದನೆ ಮಾಡೋರು ನಾವಿಬ್ಬರೇ. ಇಬ್ಬರೂ ಹೋದ್ರೆ..." ಅವನು ನೆಲದ ಮೇಲಿನ ಡಬ್ಬಿಯತ್ತ ನೋಡಿದ. "ಬಾಯಿ ಮುಚ್ಚಿದೆ. ಐದು ದಿನ ಆದ್ಮೇಲೆ ಹೋಗಿ ತಿದ್ದಿದೆ. ಆಗ ತಿದ್ದಿ ಏನು ಬಂತು, ಎಲ್ಲ ಮುಗಿದಿತ್ತು."

"ಅದಕ್ಕೇ ಈ ಡಬ್ಬಿ."

"ಅದಕ್ಕೇ ಅಂತಲ್ಲ," ಎಂದ ಅವನು. "ಮೊದಲು ಅದಕ್ಕೇ. ಆಮೇಲೆ ಅವಳ ಜೊತೆ ಕೂತು ಊಟ ಮಾಡೋದು ನನಗೇ ಬೇಕಾಯ್ತು."

ಇಕ್ಕಳಳಿಗೆ ಅವನನ್ನು ಗದರಿಸುವ ಮನಸ್ಸಾಗಲಿಲ್ಲ. ಆದರೆ ಅರ್ಧ ಬಿಡಿಸಿದ ಲೆಕ್ಕವನ್ನು ಮಡಚಿಡುವ ಅಭ್ಯಾಸವೂ ಅವಳಿಗಿರಲಿಲ್ಲ.

"ನಿಮ್ಮ ತಪ್ಪನ್ನ ಕಣ್ಣಾರೆ ನೋಡಿಬಿಡೋಣ," ಎಂದಳು. "ಈ ಮಷಿನ್ ಒಂದು ಒಳ್ಳೇ ಕೆಲಸ ಮಾಡುತ್ತೆ. ಯಾರಾದ್ರೂ ಕಡತ ತಿದ್ದಿ ಉಳಿಸಿದ್ರೆ, ತಿದ್ದೋಕೆ ಮುಂಚೆ ಇದ್ದದ್ದನ್ನ ಹಳೇ ಪ್ರತಿ ಅಂತ ಪಕ್ಕಕ್ಕೆ ಎತ್ತಿಡುತ್ತೆ. ತಾರೀಖಿನ ಸಮೇತ. ನಿಮ್ಮದು ಜೂನ್ ಹದಿನೇಳು, ಬೆಳಗ್ಗೆ ಒಂಬತ್ತು ಅಂತ ಇರಬೇಕು."

ಹಳೆಯ ಪ್ರತಿ ತೆರೆಯಿತು. ಮಳೆ, ೧೧೨.೪.

"ಹೇಳಿದ್ನಲ್ಲ," ಎಂದ ತಮ್ಮ. ಅವನ ತಲೆ ಬಗ್ಗಿತು.

ಇಕ್ಕಳ ಅದರ ತಾರೀಖನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದು ಹಳೆಯ ರಟ್ಟಿನ ಮೇಲೆ ಬರೆದುಕೊಂಡಳು. ಜನವರಿ ೧, ೧೯೮೦. ಹನ್ನೆರಡು ಗಂಟೆ ಹದಿನಾಲ್ಕು ನಿಮಿಷ.

"ತಾರೀಖು ಕೇಳಿದಾಗ ಏನೂ ಹೇಳದೆ ಬರೀ ಎಂಟರ್ ಒತ್ತಿದ್ದು ಎಷ್ಟು ಸಲ?" ಎಂದು ಕೇಳಿದಳು.

"ಒಂದು ಸಲವೂ ಇಲ್ಲ."

"ನೆನಪು ಮಾಡ್ಕೊಳ್ಳಿ. ಆ ಬೆಳಗ್ಗೆ ಊರು ಮುಳುಗಿತ್ತು, ಗಾಬರಿ ಇತ್ತು."

"ಗಾಬರಿ ಇದ್ರೂ ಇಲ್ಲಮ್ಮ. ತಾರೀಖಿಲ್ಲದ ಮಳೆ ಮಳೆಯಲ್ಲ, ಬರೀ ನೀರು ಅಂತ ಅಕ್ಕ ನನಗೆ ಮೊದಲ ದಿನವೇ ಹೇಳಿದ್ಲು."

"ಹಾಗಾದ್ರೆ ನೋಡಿ."

ಇಕ್ಕಳ ಯಂತ್ರವನ್ನು ಆರಿಸಿದಳು. ಮತ್ತೆ ಹಾಕಿದಳು. ತಾರೀಖು ಕೇಳಿತು; ಬರಿಯ ಎಂಟರ್ ಒತ್ತಿದಳು. ಗಂಟೆ ಕೇಳಿತು, ಮತ್ತೆ ಬರಿಯ ಎಂಟರ್. ತನ್ನ ಅಂಗಡಿಯ ಹೆಸರನ್ನು ಒಂದು ಹೊಸ ಕಡತದಲ್ಲಿ ಬರೆದು ಉಳಿಸಿದಳು. ಪಟ್ಟಿ ತೆಗೆದಳು. ಹೊಸ ಕಡತದ ಪಕ್ಕದಲ್ಲಿ ಇದ್ದದ್ದು: ಜನವರಿ ೧, ೧೯೮೦. ಹನ್ನೆರಡು ಗಂಟೆ ಎರಡು ನಿಮಿಷ.

"ಯಾರೂ ಹೇಳಿಕೊಡದೆ ಇದ್ರೆ ಇದು ತಾನು ಹುಟ್ಟಿದ ದಿನದಿಂದ ಎಣಿಸೋಕೆ ಶುರು ಮಾಡುತ್ತೆ. ಹಾಕಿದ ಕ್ಷಣವೇ ಅದಕ್ಕೆ ರಾತ್ರಿ ಹನ್ನೆರಡು. ನಾನು ಎರಡು ನಿಮಿಷ ತಗೊಂಡೆ. ನೂರ ಹನ್ನೆರಡು ಅಂತ ಬರೆದವರು ಹದಿನಾಲ್ಕು ನಿಮಿಷ ತಗೊಂಡಿದಾರೆ. ಅವರಿಗೆ ಇಲ್ಲಿನ ಅಭ್ಯಾಸ ಗೊತ್ತಿರಲಿಲ್ಲ."

ತಮ್ಮ ಪರದೆಯನ್ನೂ ಅವಳ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದ. ಅರ್ಥ ಅವನನ್ನು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ ನಾನು..."

"ನೀವು ಎರಡು ಕಟ್ಟನ್ನೂ ಎಣಿಸಿದ್ರಿ. ಇನ್ನೂರ ಹನ್ನೆರಡು ಅಂತಲೇ ಒತ್ತಿದ್ರಿ. ಹದಿನೇಳರಿಂದ ಇಪ್ಪತ್ತೆಂಟರ ಒಳಗೆ ಬೇರೆ ಯಾರೋ ಬಂದು ಒಂದೇ ಒಂದು ಅಂಕಿ ಬದಲಾಯಿಸಿದ್ರು. ಆ ಹನ್ನೊಂದು ದಿನದಲ್ಲಿ ನಡೆದದ್ದು ಇದು. ಇಪ್ಪತ್ತು ವರ್ಷ ನೀವು ಹೊತ್ತದ್ದು ನಿಮ್ಮ ತಪ್ಪಲ್ಲ."

"ಹೊತ್ತದ್ದು ಅವನ ತಪ್ಪೇ," ಎಂಬ ದನಿ ಬಾಗಿಲಿನಿಂದ ಬಂತು.

ಮಳೆಯಕ್ಕ ಕಾಗದದ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂಬುದನ್ನು ಯಾರೂ ಕೇಳಲಿಲ್ಲ.

"ಒಂದು ಮಾತು ನನಗೆ ಹೇಳಿದ್ರೆ ಅವತ್ತೇ ಮುಗೀತಿತ್ತಲ್ಲೋ, ದಡ್ಡ. ನೀನು ಗೀಟು ತಪ್ಪಿಸಲ್ಲ ಅಂತ ನಾನೇ ಹೇಳ್ತಿದ್ದೆ. ನಿನಗೆ ಎಣಿಸೋದು ಕಲಿಸಿದವಳು ನಾನು."

"ಅಕ್ಕ, ನಾನು ಅವತ್ತು ಬಾಯಿ ಬಿಡಲಿಲ್ಲ."

"ಬಿಡಲಿಲ್ಲ. ಅದಕ್ಕೆ ಇಪ್ಪತ್ತು ವರ್ಷ ಉಪ್ಪು ಕಮ್ಮಿ ಅಡುಗೆ ತಿನ್ನಿಸಿದೀಯ. ತೀರಿತು. ಇನ್ನು ಮೇಲೆ ಡಬ್ಬಿ ತರೋದಾದ್ರೆ ಉಪ್ಪು ಸರಿಯಾಗಿ ಹಾಕ್ಕೊಂಡು ಬಾ."

ತಮ್ಮ ನಗಲು ಹೋಗಿ ಕಣ್ಣೊರೆಸಿಕೊಂಡ. ಮಳೆಯಕ್ಕ ಅವನ ತಲೆಯ ಮೇಲೆ ಕಾಗದದ ಕಟ್ಟನ್ನು ಮೆಲ್ಲಗೆ ತಟ್ಟಿ, ಸ್ಟೂಲನ್ನೆಳೆದು ಕೂತರು. ಅವರ ಕಣ್ಣು ಮತ್ತೆ ಲೆಕ್ಕದ ಕಣ್ಣಾಯಿತು.

"ಹನ್ನೊಂದು ದಿನ ಅಂದ್ಯಲ್ಲ," ಎಂದರು ಇಕ್ಕಳಳಿಗೆ. "ಆಗ ಮುಖ್ಯ ಕಚೇರಿಯಿಂದ ತರಬೇತಿಗೆ ಅಂತ ಒಬ್ಬಳು ಬಂದಿದ್ಲು. ಅವರ ಕಚೇರಿಯಲ್ಲಿ ಹೊಸ ಮಷಿನ್ನು, ಒಳಗೇ ಗಡಿಯಾರ ಇರೋದು. ತಾರೀಖು ಕೇಳಿದ್ರೂ ಬರೀ ಎಂಟರ್ ಒತ್ತಿದ್ರೆ ಸಾಕು. ಕಲೀಲಿ ಅಂತ ನನ್ನ ಕುರ್ಚಿ ಅವಳಿಗೆ ಬಿಟ್ಟುಕೊಟ್ಟಿದ್ದೆ."

"ಆಮೇಲೆ ಕುರ್ಚಿ ಅವಳದ್ದೇ ಆಯ್ತು," ಎಂದ ತಮ್ಮ.

ಇಕ್ಕಳಳ ಕೈಯ ಪೆನ್ಸಿಲ್ ನಿಂತಿತು. ಆ ತರಬೇತಿಯವಳು ಈಗ ಕೇಂದ್ರದ ಮುಖ್ಯಸ್ಥೆ. ಶುಕ್ರವಾರ ಗ್ರಂಥಕ್ಕೆ ಸಹಿ ಹಾಕುವವಳು ಅವಳೇ. ಅಷ್ಟೇ ಅಲ್ಲ, ಉಗ್ರಾಣದ ಬಾಗಿಲು ತೆಗೆಸಿ, ಈ ಕಂಪ್ಯೂಟರನ್ನು ಗಾಡಿಗೆ ಹೇರಿಸಿ, ಹೇಗಾದರೂ ಎಬ್ಬಿಸಿಕೊಡಿ ಎಂದು ಇಲ್ಲಿಗೆ ಕಳಿಸಿದವಳೂ ಅವಳೇ. ತನ್ನ ವಿರುದ್ಧದ ಒಂದೇ ಸಾಕ್ಷಿಯನ್ನು ಯಾರಾದರೂ ತಾವಾಗಿ ಎಬ್ಬಿಸಿಕೊಳ್ಳುತ್ತಾರೆಯೇ?

ಇಕ್ಕಳ ರಿಸೀವರ್ ಎತ್ತಿ ಕೇಂದ್ರದ ನಂಬರ್ ತಿರುಗಿಸಿದಳು. ಎರಡನೆಯ ಗಂಟೆಗೇ ಆ ಕಡೆಯವರು ಎತ್ತಿಕೊಂಡರು.

"ಎದ್ದಿತಾ?" ಎಂದರು ಮುಖ್ಯಸ್ಥೆ.

"ಎದ್ದಿದೆ."

"ಹದಿನೇಳರ ಹಳೇ ಪ್ರತಿ ನೋಡಿದ್ರಾ?"

ಇಕ್ಕಳ ರಟ್ಟಿನ ಮೇಲೆ ಬರೆದುಕೊಂಡಿದ್ದ ತಾರೀಖಿನತ್ತ ಕಣ್ಣು ಹಾಯಿಸಿದಳು.

"ನೋಡಿರ್ತೀರಿ. ಅದಕ್ಕೇ ನಿಮ್ಮ ಹತ್ರ ಕಳಿಸಿದ್ದು. ಬೇರೆಯವರಾಗಿದ್ರೆ ಬರೀ ರಿಪೇರಿ ಮಾಡ್ತಿದ್ರು." ದನಿ ಶಾಂತವಾಗಿತ್ತು, ಬಹಳ ದಿನದ ಹೊರೆಯನ್ನು ಜಗುಲಿಯ ಮೇಲೆ ಇಳಿಸುತ್ತಿರುವವರ ದನಿ. "ಉಗ್ರಾಣಕ್ಕೆ ಹಾಕೋ ದಿನ ನಾನೂ ನೋಡಿದ್ದೆ, ಹದಿನಾಲ್ಕು ನಿಮಿಷ. ಮೂರು ನಿಮಿಷದ ಕೆಲಸ ಅದು. ಉಳಿದ ಹನ್ನೊಂದು ನಿಮಿಷ ನಾನು ಬೇಡ, ಬೇಡ ಅಂತ ಹೇಳ್ತಾ ಕೂತಿದ್ದೆ."

"ಯಾರಿಗೆ?"

"ಪಕ್ಕದಲ್ಲಿ ನಿಂತು ಯಾವ ಅಂಕಿ ಒತ್ತಬೇಕು ಅಂತ ಹೇಳಿದವರಿಗೆ. ಎಂಜಿನಿಯರಿಗೆ. ಅವರು ಈಗ ನನ್ನ ಎದುರಿಗೇ ಕೂತಿದಾರೆ. ನಾಲ್ಕು ಗಂಟೆಗೆ ಇಬ್ಬರೂ ಬರ್ತೀವಿ. ಮಳೆಯಕ್ಕನಿಗೆ ಹೇಳಿ."

ಫೋನ್ ಕಡಿಯಿತು. ಇಕ್ಕಳ ರಿಸೀವರನ್ನು ಮೆಲ್ಲಗೆ ಇಟ್ಟಳು. ಅಂಕಿಯನ್ನು ನೂರು ಇಳಿಸಿದ್ದರಿಂದ ಮಾನ, ಕೆಲಸ, ಊರು ಮೂರನ್ನೂ ಕಳೆದುಕೊಂಡವನು ಒಬ್ಬನೇ ಒಬ್ಬ, ಆ ಎಂಜಿನಿಯರ್. ಇಳಿಸಿ ಎಂದವನೂ ಅವನೇ. ಯಾವ ದಾರಿಯಿಂದ ಕೂಡಿದರೂ ಕಳೆದರೂ ಈ ಲೆಕ್ಕ ಸರಿಹೋಗುತ್ತಿರಲಿಲ್ಲ.

ಅವಳು ಕೇಳಿದ್ದನ್ನು ಕೇಳಿದಂತೆಯೇ ಹೇಳಿದಳು. ಕುರ್ಚಿಯಿಂದ ತಮ್ಮ ಅರ್ಧ ಎದ್ದು ಹಾಗೆಯೇ ನಿಂತ. ಮಳೆಯಕ್ಕ ಮಾತ್ರ ಅಲುಗಲಿಲ್ಲ.

"ಊರು ಬಿಡೋ ದಿನ ಆ ಎಂಜಿನಿಯರನ್ನ ನಾನು ಒಂದೇ ಮಾತು ಕೇಳಿದ್ದೆ," ಎಂದರು. "ತಪ್ಪು ನಂದೇ ಅಂತ ಅಷ್ಟೊಂದು ಸುಲಭಕ್ಕೆ ಯಾಕೆ ಒಪ್ಪಿಕೊಂಡ್ರಿ ಅಂತ. ಅದಕ್ಕೆ ಉತ್ತರ ಹೇಳದೆ ಬಸ್ಸು ಹತ್ತಿದ್ರು."

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ನಾಲ್ಕಕ್ಕೆ ಬರಬೇಕಿದ್ದ ಆ ಒಂದು ಉತ್ತರ ಇನ್ನೂ ಬಾಕಿಯಿತ್ತು.